ಸೈಕಲ್ ಸವಾರಿಯ ಧೈರ್ಯವೂ ಪೆಡಲಿನ ಆಯ್ಕೆಯೂ

ಪುಣೆ ಪಟ್ಟಣಕ್ಕೆ ಒಂದು ಕಾಲದಲ್ಲಿ ಸೈಕಲ್ಲುಗಳ ಊರೆಂಬ ಹೆಸರಿತ್ತೆಂಬುದನ್ನು ನಮ್ಮ ಹಿರಿಯ ವಾಚಕರಿಗೆ ಬೇರೆ ಹೇಳಬೇಕಾಗಿಲ್ಲ. ಕಾಲೇಜಿನ ಪ್ರಾಧ್ಯಾಪಕರೂ, ಖಡಕಿಯ ಮದ್ದುಗುಂಡಿನ ಕಾರಖಾನೆಯ ಕೆಲಸಗಾರರೂ, ಹಾಲಿನವರೂ, ಅಂಚೆಯವರೂ ಒಂದೇ ಬಗೆಯ ವಾಹನವನ್ನೇರಿ ಸಾಗುತ್ತಿದ್ದ ದಿನಗಳವು. ಉಡುಪಿ, ಕುಂದಾಪುರಗಳ ಕಡೆಯಿಂದ ಬಂದು ಇಲ್ಲಿ ಹೋಟೆಲು ತೆರೆದ ನಮ್ಮ ಹಿಂದಿನ ತಲೆಮಾರಿನವರು ನಸುಕಿನಲ್ಲಿ ಮಂಡಯಿಗೆ ಹೋಗಿ ಕ್ಯಾರಿಯರಿನ ಮೇಲೆ ತರಕಾರಿಯ ಮೂಟೆ ಬಿಗಿದು ತರುತ್ತಿದ್ದುದೂ ಸೈಕಲ್ಲಿನಲ್ಲಿಯೇ. ಆಮೇಲೆ ಸ್ಕೂಟರು ಬಂದಿತು; 1972ರಲ್ಲಿ ಕೈನೆಟಿಕ್ ಕಂಪನಿಯ ಲೂನಾ ಬಂದಿತು. ಲೂನಾಕ್ಕೂ ಪೆಡಲುಗಳಿದ್ದವು. ಪೆಡಲು ತುಳಿಯುವ ಅಭ್ಯಾಸವನ್ನು ನಮ್ಮ ಜನರಿಗೆ ಬಿಡಿಸಿದ ಗಾಡಿಗಳಲ್ಲಿ ಪೆಡಲುಳ್ಳ ಗಾಡಿಯೂ ಒಂದೆಂಬುದು ವಿನೋದದ ಸಂಗತಿಯೇ ಸರಿ. 2017ರಲ್ಲಿ ಮಹಾನಗರಪಾಲಿಕೆಯು ಸಮಗ್ರ ಸೈಕಲ್ ಯೋಜನೆಯೊಂದನ್ನು ಅಂಗೀಕರಿಸಿತು. ಅದೇ ಸುಮಾರಿಗೆ ಮೊಬೈಲಿನಿಂದ ಬೀಗ ತೆಗೆಯುವ ಬಾಡಿಗೆಯ ಸೈಕಲ್ಲುಗಳು ಬಣ್ಣಬಣ್ಣವಾಗಿ ಬೀದಿಗಿಳಿದವು. ಕೆಲವೇ ವರ್ಷಗಳಲ್ಲಿ ಅವುಗಳಲ್ಲಿ ಹೆಚ್ಚಿನವು ಕಣ್ಮರೆಯಾದವು. 2026ರ ಜನವರಿಯಲ್ಲಿ ಹೊರದೇಶದ ಪಟುಗಳು ಬಂದು ಪುಣೆ ಜಿಲ್ಲೆಯ ರಸ್ತೆಗಳ ಮೇಲೆ ಗ್ರ್ಯಾಂಡ್ ಟೂರ್ ಎಂಬ ಪಂದ್ಯವನ್ನು ಆಡಿ ಹೋದರು. ಅದೆಲ್ಲವೂ ಸಂತೋಷದ ವಿಷಯವೇ. ಆದರೆ ನಾವು ಇಂದು ಬರೆಯಹೊರಟಿರುವುದು ಪಂದ್ಯದ ಪಟುಗಳನ್ನು ಕುರಿತಲ್ಲ. ಕೆಲಸಕ್ಕೆ ಹೋಗಲು ಸೈಕಲ್ಲನ್ನೇ ನೆಚ್ಚಿಯೂ ಅದನ್ನು ಏರಲು ಅಂಜುವ ನಮ್ಮವರನ್ನು ಕುರಿತು.

ಕಳೆದ ಆಷಾಢದಲ್ಲಿ ಯೆರವಡಾದ ಲಕ್ಷ್ಮೀನಗರದಿಂದ ನಮಗೊಂದು ಕಾಗದ ಬಂದಿತು. ಬರೆದಾಕೆ ಕಲಬುರಗಿ ಜಿಲ್ಲೆಯ ಜೇವರ್ಗಿಯ ಕಡೆಯ ಸೋದರಿ, ವಯಸ್ಸು ಮೂವತ್ತೆಂಟು. ಕಲ್ಯಾಣಿನಗರದ ನಾಲ್ಕು ಮನೆಗಳಲ್ಲಿ ಅಡುಗೆಯ ಕೆಲಸ. ಬೆಳಗ್ಗೆ ಎರಡು ಮನೆ, ಸಂಜೆ ಎರಡು ಮನೆ. ಹೀಗೆ ದಿನಕ್ಕೆ ನಾಲ್ಕು ಬಾರಿ ಹೋಗಿಬರುವ ದಾರಿ. ರಿಕ್ಷಾಕ್ಕೆ ಕೊಟ್ಟರೆ ಒಂದು ಮನೆಯ ಸಂಬಳವೇ ಅದಕ್ಕೆ ಹೋಗುತ್ತದೆ. ನಡೆದರೆ ಮೂರನೆಯ ಮನೆಗೆ ಹೊತ್ತಾಗುತ್ತದೆ. ಆಕೆ ಹಳೆಯ ಸೈಕಲ್ಲೊಂದನ್ನು ಕೊಂಡುಕೊಂಡಳು. ಮಳೆಗಾಲದ ಮೊದಲ ವಾರದಲ್ಲಿಯೇ ಗುಂಜನ್ ಚೌಕದ ಸಿಗ್ನಲ್ಲಿನಲ್ಲಿ ಕಾಲು ಜಾರಿ ಬಿದ್ದಳು. ಹಿಂದಿನಿಂದ ಬರುತ್ತಿದ್ದ ಬಸ್ಸಿನ ಚಾಲಕನು ಬ್ರೇಕು ಹಾಕಿದುದರಿಂದ ಉಳಿದಳು. ಮನೆಯಲ್ಲಿ ಗಂಡನು ಸೈಕಲ್ಲನ್ನು ಮಾರಿಬಿಡೆಂದನು. ಹದಿನೇಳು ವರ್ಷದ ಮಗನು ಕಾಲು ಜಾರದಂತೆ ಬೂಟನ್ನು ಕಚ್ಚಿ ಹಿಡಿಯುವ ಪೆಡಲುಗಳು ಬಂದಿವೆಯೆಂದು ಹೇಳಿ ಗೆಳೆಯನಿಂದ ಒಂದು ಜೊತೆ ತಂದಿಟ್ಟನು. ಕಾಗದದ ಕೊನೆಯ ಸಾಲು ಹೀಗಿದ್ದಿತು: “ಅಣ್ಣಾರ, ಸೈಕಲ್ ಮಾರ್ಲೋ ಇಟ್ಕೊಳ್ಲೋ, ನೀವಽ ಹೇಳ್ರಿ.”

ಇಂಥ ಕಾಗದಕ್ಕೆ ಎರಡು ಸಾಲಿನ ಉತ್ತರ ಬರೆದು ಮುಗಿಸುವುದು ನಮಗೆ ಸರಿಯೆನಿಸಲಿಲ್ಲ. ಇದು ಈಕೆಯೊಬ್ಬಳ ಪ್ರಶ್ನೆಯಲ್ಲ. ಯೆರವಡಾದ ವಸತಿಗಳಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಿಂದ ಕಟ್ಟಡದ ಕೆಲಸಕ್ಕೆಂದು ಬಂದು ನೆಲೆನಿಂತ ನಮ್ಮ ಕುಟುಂಬಗಳು ಬಹಳ. ಗಂಡಸರಿಗೆ ಹೇಗೋ ಮೋಟರ್ ಸೈಕಲ್ಲು ಬರುತ್ತದೆ. ಹೆಂಗಸರ ಪಾಲಿಗೆ ನಡಿಗೆ, ಇಲ್ಲವೆ ಷೇರ್ ರಿಕ್ಷಾ. 2024ರಲ್ಲಿ ಯೆರವಡಾಕ್ಕೆ ಮೆಟ್ರೋ ನಿಲ್ದಾಣವೂ ಆಯಿತು. ಆದರೆ ಮೆಟ್ರೋ ಹೋಗುವುದು ನೆಟ್ಟಗೆ. ನಾಲ್ಕು ಮನೆಯ ಅಡುಗೆಯವಳ ದಾರಿಯೋ ಓಣಿಯಿಂದ ಓಣಿಗೆ. ಅಂಥವಳಿಗೆ ಸೈಕಲ್ಲಿಗಿಂತ ಒಳ್ಳೆಯ ವಾಹನ ಇನ್ನೊಂದಿಲ್ಲವೆಂಬುದೇ ನಮ್ಮ ಅಭಿಪ್ರಾಯ.

ತಮಿಳುನಾಡಿನ ಪುದುಕ್ಕೋಟೆ ಜಿಲ್ಲೆಯಲ್ಲಿ 1990ರ ದಶಕದ ಮೊದಲ ವರ್ಷಗಳಲ್ಲಿ ಅಕ್ಷರ ಕಲಿಸುವ ಚಳವಳಿಯ ಜೊತೆಗೆ ಸೈಕಲ್ಲನ್ನೂ ಕಲಿಸಿದರು. ಕೂಲಿಯ ಹೆಂಗಸರೂ, ಕಲ್ಲುಕ್ವಾರಿಯ ಹೆಂಗಸರೂ ಸಾವಿರಾರು ಸಂಖ್ಯೆಯಲ್ಲಿ ಕಲಿತರು. ಪತ್ರಕರ್ತ ಪಿ. ಸಾಯಿನಾಥರು ಅದನ್ನು ಕಣ್ಣಾರೆ ಕಂಡು ಬರೆದಿದ್ದಾರೆ. ಬಿಹಾರ ಸರಕಾರವು 2006ರಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಸೈಕಲ್ ಕೊಡಲಾರಂಭಿಸಿದ ಮೇಲೆ ಹೈಸ್ಕೂಲು ಸೇರುವ ಹುಡುಗಿಯರ ಪ್ರಮಾಣವು ಶೇಕಡಾ 32ರಷ್ಟು ಏರಿತೆಂದು ಕಾರ್ತಿಕ್ ಮುರಳೀಧರನ್ ಮತ್ತು ನಿಶೀಥ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದ್ದಾರೆ. ನಮ್ಮ ಕರ್ನಾಟಕ ಸರಕಾರವೂ 2006–07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಹಂಚಿತು. ಆ ಹುಡುಗಿಯರಲ್ಲಿ ಎಷ್ಟೋ ಮಂದಿ ಈಗ ಮದುವೆಯಾಗಿ ಪುಣೆಗೆ ಬಂದಿದ್ದಾರೆ. ಸೈಕಲ್ ತುಳಿಯಲು ಬಾರದವರಲ್ಲ ಅವರು. ಊರ ಕೆರೆಯ ದಂಡೆಯ ಮೇಲೆ ತುಳಿದವರು ನಗರ್ ರೋಡಿನ ಲಾರಿಗಳ ನಡುವೆ ತುಳಿಯಲಾರೆವೆನ್ನುತ್ತಾರೆ, ಅಷ್ಟೇ. ಅಂಜಿಕೆಯು ಮೂರ್ಖತನವೆಂದು ನಾವು ಎಂದೂ ಹೇಳೆವು. ನಗರ್ ರೋಡನ್ನು ಕಂಡು ಅಂಜದವನಿಗೇ ಬುದ್ಧಿ ಹೇಳಬೇಕು.

ಧೈರ್ಯವೆಂಬುದು ಮಾತಿನಿಂದ ಬರುವಂಥದಲ್ಲ. ಹೋಟೆಲಿಗೆ ಹೊಸದಾಗಿ ಸೇರಿದ ಹುಡುಗನಿಗೆ ಎಂಟು ಲೋಟ ಚಹವನ್ನು ತಟ್ಟೆಯಲ್ಲಿಟ್ಟು ಕೊಟ್ಟು, ಹೆದರಬೇಡವೆಂದು ಹೇಳಿದರೆ ಅವನ ಕೈ ಇನ್ನೂ ಹೆಚ್ಚಾಗಿ ನಡುಗುತ್ತದೆ. ಎರಡು ಲೋಟ ಕೊಟ್ಟು, ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಹತ್ತು ಸಲ ತಿರುಗಾಡಿಸಿದರೆ ಹನ್ನೊಂದನೆಯ ಸಲಕ್ಕೆ ಕೈ ತಾನಾಗಿಯೇ ನಿಲ್ಲುತ್ತದೆ. ಸೈಕಲ್ಲಿನದೂ ಅದೇ ಕ್ರಮ. ಜನರಿಲ್ಲದ ಬಯಲಿನಲ್ಲಿ ಒಂದೊಂದು ಚಳಕವನ್ನೂ ಬೇರೆಬೇರೆಯಾಗಿ ರೂಢಿಸಿಕೊಂಡು, ಅದು ಕೈಕಾಲುಗಳಿಗೆ ಇಳಿದ ಮೇಲೆಯೇ ರಸ್ತೆಗೆ ಬರಬೇಕು. ರವಿವಾರದ ಬೆಳಗ್ಗೆ ಅನುಮತಿ ಪಡೆದು ಯಾವುದಾದರೂ ಶಾಲೆಯ ಬಯಲಿಗೆ ಹೋಗಬಹುದು. ದೊಡ್ಡ ಸೊಸೈಟಿಗಳ ಒಳರಸ್ತೆಗಳೂ ಆಗಬಹುದು. ಎರಡು ಹಳೆಯ ನೀರಿನ ಬಾಟಲಿಗಳೂ ಒಂದು ಸೀಮೆಸುಣ್ಣದ ತುಂಡೂ ಇದ್ದರೆ ಸಾಧನಗಳೆಲ್ಲ ಒದಗಿದಂತೆಯೇ.

ಮೊದಲನೆಯ ಕೆಲಸವು ಸೀಟನ್ನು ಇಳಿಸುವುದು. ಅಂಜುವವರು ಸೀಟಿನ ಮೇಲೆ ಕುಳಿತಾಗ ಎರಡೂ ಪಾದಗಳು ನೆಲಕ್ಕೆ ಪೂರ್ತಿಯಾಗಿ ಊರುವಂತಿರಬೇಕು. ಇದು ತುಳಿಯಲು ಅನುಕೂಲವಾದ ಎತ್ತರವಲ್ಲ. ಮೊಣಕಾಲು ಬೇಗನೆ ನೋಯುತ್ತದೆ. ಆದರೆ ಬೀಳಲಾರೆನೆಂಬ ನಂಬಿಕೆ ಮೊದಲು ಬರಬೇಕು. ಎತ್ತರವನ್ನು ಆಮೇಲೆ ಬೆರಳಗಲದಷ್ಟಾಗಿ ಏರಿಸುತ್ತ ಹೋಗಬಹುದು. ಕೊನೆಗೆ ಪೆಡಲು ಕೆಳಗಿದ್ದಾಗ ಹಿಮ್ಮಡಿಯನ್ನಿಟ್ಟರೆ ಕಾಲು ನೆಟ್ಟಗಾಗುವಷ್ಟು ಎತ್ತರ ಸರಿಯಾದುದು. ಪಾದದ ಮುಂಭಾಗದಿಂದ ತುಳಿಯುವಾಗ ಆಗ ಮೊಣಕಾಲು ತುಸು ಮಡಿಚಿಯೇ ಇರುತ್ತದೆ.

ಏನೂ ಬಾರದವರು ಎರಡೂ ಪೆಡಲುಗಳನ್ನು ಬಿಚ್ಚಿಡುವುದು ಉತ್ತಮ. ಇದು ವಿಚಿತ್ರವೆಂದು ತೋರಬಹುದು. ಆದರೆ ಜರ್ಮನಿಯ ಕಾರ್ಲ್ ಡ್ರೈಸ್ ಎಂಬಾತನು 1817ರಲ್ಲಿ ಮನ್‌ಹೈಮಿನಲ್ಲಿ ಓಡಿಸಿದ ಮೊತ್ತಮೊದಲ ದ್ವಿಚಕ್ರಕ್ಕೆ ಪೆಡಲೇ ಇರಲಿಲ್ಲ. ಕಾಲಿನಿಂದ ನೆಲವನ್ನು ಒದ್ದು ಸಾಗಬೇಕಾಗಿತ್ತು. ಪೆಡಲುಗಳು ಬಂದುದು 1860ರ ದಶಕದಲ್ಲಿ, ಫ್ರಾನ್ಸಿನಲ್ಲಿ. ಮಾನವಕುಲವೇ ಸಮತೋಲವನ್ನು ಮೊದಲು ಕಲಿತು ನಾಲ್ಕು ದಶಕಗಳ ಬಳಿಕ ತುಳಿಯಲು ಕಲಿತಿರುವಾಗ, ನಾವು ಎರಡನ್ನೂ ಒಂದೇ ದಿನ ಕಲಿಯಬೇಕೆಂಬ ಹಟವೇಕೆ? ಒದ್ದು ಒದ್ದು ಸಾಗುತ್ತ, ಎರಡು ಕಾಲುಗಳನ್ನೂ ಎತ್ತಿ ಹತ್ತು ಮಾರು ಹೋಗಬಲ್ಲವರಾದರೆ ಪೆಡಲು ಹಾಕಬಹುದು. ಊರಿನಲ್ಲಿ ನಾವೆಲ್ಲ ದೊಡ್ಡವರ ಸೈಕಲ್ಲಿನ ನಡುವಿನ ದಂಡದ ಕೆಳಗೆ ಕಾಲು ತೂರಿಸಿ ಒಳಪೆಡಲು ಹೊಡೆದು ಕಲಿತವರು. ಮೊಣಕಾಲಿನ ಕಲೆಗಳು ಇನ್ನೂ ಇವೆ. ಮೂವತ್ತು ನಲವತ್ತು ವರ್ಷದವರಿಗೆ ಆ ಮಾರ್ಗ ಹೇಳತಕ್ಕದ್ದಲ್ಲ.

ಹೊರಡುವುದು ಮತ್ತು ನಿಲ್ಲುವುದು, ಇವೆರಡರಲ್ಲಿಯೇ ಹೆಚ್ಚಿನವರು ಬೀಳುವುದು; ಓಡುವ ಸೈಕಲ್ಲು ಅಷ್ಟು ಸುಲಭವಾಗಿ ಬೀಳಿಸುವುದಿಲ್ಲ. ಹೊರಡುವಾಗ ಬಲ ಪೆಡಲನ್ನು ಗಡಿಯಾರದ ಎರಡು ಗಂಟೆಯ ಮುಳ್ಳಿನಂತೆ ಮುಂದೆ ಮೇಲಕ್ಕೆ ನಿಲ್ಲಿಸಿ, ಎಡಗಾಲನ್ನು ನೆಲಕ್ಕೂರಿ, ಬ್ರೇಕು ಹಿಡಿದಿರಬೇಕು. ಬ್ರೇಕು ಬಿಟ್ಟು ಬಲಗಾಲಿನಿಂದ ಗಟ್ಟಿಯಾಗಿ ಒಂದು ತುಳಿತ ತುಳಿದರೆ ಸೈಕಲ್ಲಿಗೆ ಬೇಕಾದ ವೇಗ ಆ ಒಂದರಲ್ಲಿಯೇ ದೊರಕುತ್ತದೆ. ಎಡಗಾಲು ಪೆಡಲನ್ನು ಹುಡುಕುವಾಗ ಕೆಳಗೆ ನೋಡಕೂಡದು. ನಿಲ್ಲುವಾಗ ಇದರ ವಿಲೋಮ: ಬ್ರೇಕನ್ನು ಮೆಲ್ಲಗೆ ಹಿಡಿಯುತ್ತ, ಬಲ ಪೆಡಲು ಕೆಳಗಿರುವಂತೆ ನೋಡಿಕೊಂಡು, ಭಾರವನ್ನು ಬಲಗಾಲಿನ ಮೇಲೆ ಹಾಕಿ, ಎಡಗಾಲನ್ನು ಮೊದಲೇ ಬಿಡಿಸಿಕೊಂಡಿರಬೇಕು. ನಮ್ಮಲ್ಲಿ ಎಡಬದಿಯ ಸಂಚಾರವಾದುದರಿಂದ ಕಾಲೂರುವುದು ಎಡಕ್ಕೇ, ರಸ್ತೆಯ ಅಂಚಿನ ಕಡೆಗೇ. ಬಲಕ್ಕೆ ಕಾಲೂರುವ ಅಭ್ಯಾಸವಿದ್ದವರು ವಾಹನಗಳ ಕಡೆಗೆ ವಾಲುತ್ತಾರೆ. ಇದನ್ನು ಬಯಲಿನಲ್ಲಿ ಐವತ್ತು ಸಲ ಮಾಡಬೇಕೆಂಬುದು ನಮ್ಮ ಲೆಕ್ಕ. ಬೇಸರ ಬರುತ್ತದೆ. ಬೇಸರ ಬರುವಷ್ಟಾದರೇ ಅದು ರೂಢಿಯಾಯಿತೆಂದು ತಿಳಿಯಬೇಕು.

ಗಣೇಶೋತ್ಸವದ ಸಮಯದಲ್ಲಿಯೂ ಶಾಲೆಯ ಆಟೋಟಗಳಲ್ಲಿಯೂ ನಿಧಾನ ಸೈಕಲ್ ಪಂದ್ಯವನ್ನು ನೋಡದ ಕನ್ನಡಿಗನುಂಟೆ? ಕೊನೆಗೆ ಮುಟ್ಟಿದವನೇ ಗೆದ್ದವನು, ಕಾಲೂರಿದವನು ಸೋತನು. ನಾವು ಅದನ್ನು ನಗೆಯ ಆಟವೆಂದು ಭಾವಿಸಿದ್ದೇವೆ. ನಿಜವಾಗಿ ಪಟ್ಟಣದ ಸವಾರಿಗೆ ಅದಕ್ಕಿಂತ ಉತ್ತಮವಾದ ಶಿಕ್ಷಣವಿಲ್ಲ. ವೇಗವಿದ್ದಾಗ ಸೈಕಲ್ಲು ತನ್ನನ್ನು ತಾನೇ ಹೆಚ್ಚುಕಡಮೆ ನಿಲ್ಲಿಸಿಕೊಳ್ಳುತ್ತದೆ. ವೇಗ ಕಡಮೆಯಾದಂತೆ ಆ ಕೆಲಸವೆಲ್ಲ ಸವಾರನ ಕೈಗೆ ಬರುತ್ತದೆ. ಎಡಕ್ಕೆ ವಾಲಿದರೆ ಎಡಕ್ಕೇ ಹ್ಯಾಂಡಲ್ ತಿರುಗಿಸಬೇಕು, ಬಲಕ್ಕೆ ವಾಲಿದರೆ ಬಲಕ್ಕೇ. ಹೀಗೆ ಚಕ್ರವನ್ನು ಬೀಳುವ ಭಾರದ ಅಡಿಗೆ ತಂದುಕೊಳ್ಳುವುದೇ ಸಮತೋಲದ ಗುಟ್ಟು. ಹೆದರಿದವರು ಇದಕ್ಕೆ ವಿರುದ್ಧವಾಗಿ ತಿರುಗಿಸಿ ಬೀಳುತ್ತಾರೆ. ಹತ್ತು ಮಾರಿನ ಎರಡು ಗೆರೆಗಳನ್ನು ಒಂದು ಮೊಳದ ಅಂತರದಲ್ಲಿ ಎಳೆದು, ಅವುಗಳ ನಡುವೆ ಎಷ್ಟು ನಿಧಾನವಾಗಿ ಹೋಗಲು ಸಾಧ್ಯವೋ ಅಷ್ಟು ನಿಧಾನವಾಗಿ ಹೋಗುವುದು. ಹಿಂದಿನ ಬ್ರೇಕನ್ನು ತುಸುವೇ ಹಿಡಿದು, ಅದರ ವಿರುದ್ಧವಾಗಿ ಮೆಲ್ಲಗೆ ತುಳಿಯುವುದು. ಇದು ಬಂದವರಿಗೆ ಸಂತೆಯ ಗುಂಪೂ, ಸಿಗ್ನಲ್ಲಿನ ಮುಂದಿನ ತೆವಳಾಟವೂ ಭಯ ಹುಟ್ಟಿಸಲಾರವು.

ದೃಷ್ಟಿಯ ವಿಷಯ ಒಂದು ಮಾತು. ಚಹದ ತಟ್ಟೆ ಹಿಡಿದ ಹುಡುಗನು ಲೋಟಗಳನ್ನು ನೋಡುತ್ತ ನಡೆದರೆ ಚೆಲ್ಲುತ್ತಾನೆ. ಮೇಜನ್ನು ನೋಡುತ್ತ ನಡೆದರೆ ಚೆಲ್ಲುವುದಿಲ್ಲ. ಸೈಕಲ್ಲಿನಲ್ಲಿಯೂ ಮುಂದಿನ ಚಕ್ರವನ್ನು ನೋಡುವವರು ವಾಲಾಡುತ್ತಾರೆ. ಗುಂಡಿಯನ್ನು ನೋಡಿದರೆ ಚಕ್ರ ಗುಂಡಿಗೇ ಹೋಗುತ್ತದೆ. ಗುಂಡಿಯ ಪಕ್ಕದ ಒಳ್ಳೆಯ ಜಾಗವನ್ನು ನೋಡಬೇಕು.

ಹಿಂದಕ್ಕೆ ತಿರುಗಿ ನೋಡುವುದು, ಒಂದು ಕೈ ಬಿಟ್ಟು ಸನ್ನೆ ಮಾಡುವುದು, ಇವೆರಡನ್ನು ನಮ್ಮ ಜನ ಕಲಿಯುವುದೇ ಇಲ್ಲ. ಬಲಗಡೆಯ ಹೆಗಲಿನ ಮೇಲಿಂದ ಹಿಂದೆ ನೋಡಿದಾಗ ಹ್ಯಾಂಡಲ್ ತಾನಾಗಿಯೇ ಬಲಕ್ಕೆ ಎಳೆಯುತ್ತದೆ. ಆ ಎಳೆತವನ್ನು ತಡೆದು ಗೆರೆಯ ಮೇಲೆಯೇ ಸಾಗಲು ಕಲಿಯಬೇಕು. ಹಿಂದೆ ಒಬ್ಬರು ನಿಂತು ಬೆರಳುಗಳನ್ನೆತ್ತಿ ಹಿಡಿಯಲಿ. ಸವಾರರು ಗೆರೆ ಬಿಡದೆ ತಿರುಗಿ ನೋಡಿ ಎಷ್ಟು ಬೆರಳೆಂದು ಹೇಳಲಿ. ಮಕ್ಕಳಿಗೆ ಇದು ಆಟ, ದೊಡ್ಡವರಿಗೆ ಪ್ರಾಣರಕ್ಷೆ. ಲಕ್ಷ್ಮೀನಗರದಿಂದ ಕಲ್ಯಾಣಿನಗರಕ್ಕೆ ಹೋಗಬೇಕಾದವರು ಎಲ್ಲಿಯಾದರೂ ನಗರ್ ರೋಡನ್ನು ದಾಟಲೇಬೇಕಲ್ಲವೆ? ಸನ್ನೆಯಿಲ್ಲದೆ, ಹಿಂದೆ ನೋಡದೆ ಬಲಕ್ಕೆ ಸರಿಯುವವರನ್ನು ನಾವು ನಿತ್ಯವೂ ಕಾಣುತ್ತೇವೆ. ಅಷ್ಟು ಧೈರ್ಯ ಯಾರಿಗೂ ಬೇಡ. ದೊಡ್ಡ ಚೌಕದಲ್ಲಿ ಮನಸ್ಸು ಅಳುಕಿದರೆ ಇಳಿದು, ಸೈಕಲ್ಲನ್ನು ನೂಕಿಕೊಂಡು ಪಾದಚಾರಿಗಳೊಡನೆ ದಾಟುವುದರಲ್ಲಿ ಮಾನಹಾನಿಯೇನೂ ಇಲ್ಲ.

ಬ್ರೇಕಿನ ಯಾವ ಹಿಡಿ ಯಾವ ಚಕ್ರಕ್ಕೆ ಸೇರಿದೆಯೆಂಬುದನ್ನು ಪ್ರತಿಯೊಬ್ಬರೂ ತಮ್ಮ ಸೈಕಲ್ಲಿನಲ್ಲಿ ನೋಡಿಕೊಂಡಿರಬೇಕು. ಹೆಚ್ಚು ಶಕ್ತಿ ಮುಂದಿನ ಬ್ರೇಕಿನದು. ಅದೊಂದನ್ನೇ ಥಟ್ಟನೆ ಹಿಡಿದರೆ ಮುಗ್ಗರಿಸುವ ಭಯವೂ ಉಂಟು. ಎರಡನ್ನೂ ಕೂಡಿಸಿ, ಮೈಯನ್ನು ತುಸು ಹಿಂದಕ್ಕೆ ಹಾಕಿ ಹಿಡಿಯುವುದನ್ನು ಅಭ್ಯಾಸ ಮಾಡಬೇಕು. ಉಕ್ಕಿನ ರಿಮ್ಮಿನ ಹಳೆಯ ಸೈಕಲ್ಲುಗಳು ಮಳೆಯಲ್ಲಿ ಬಹಳ ದೂರ ಹೋಗಿ ನಿಲ್ಲುತ್ತವೆ. ಆದುದರಿಂದ ಮಳೆಯ ದಿನ ಆಗಾಗ ಬ್ರೇಕನ್ನು ಹಗುರವಾಗಿ ಒತ್ತಿ ರಿಮ್ಮಿನ ನೀರನ್ನು ಒರಸಿಕೊಳ್ಳುತ್ತಿರಬೇಕು. ರಸ್ತೆಗೆ ಬಳಿದ ಬಿಳಿಯ ಪಟ್ಟೆಗಳೂ, ಗಟಾರದ ಕಬ್ಬಿಣದ ಮುಚ್ಚಳಗಳೂ ಒದ್ದೆಯಾದರೆ ಎಣ್ಣೆ ಸುರಿದ ಕಾವಲಿಯಂತಾಗುತ್ತವೆ. ಅವುಗಳ ಮೇಲೆ ತಿರುಗಲೂ ಬಾರದು, ಬ್ರೇಕು ಹಿಡಿಯಲೂ ಬಾರದು. ನಿಂತ ಬಸ್ಸಿನ ಎಡಕ್ಕೆ ನುಗ್ಗಬಾರದೆಂಬುದನ್ನಂತೂ ನಾವು ಎಷ್ಟು ಸಲ ಬರೆದರೂ ಕಡಮೆಯೇ.

ಇನ್ನು ಪೆಡಲಿನ ವಿಚಾರ. ಸೈಕಲ್ಲು ಕೊಳ್ಳುವಾಗ ಬಣ್ಣವನ್ನು ನೋಡುವರು, ಗೇರುಗಳನ್ನು ಎಣಿಸುವರು. ಪೆಡಲನ್ನು ನೋಡುವವರು ನೂರಕ್ಕೊಬ್ಬರೂ ಇಲ್ಲ. ಆದರೆ ಸವಾರನ ಬಲವೆಲ್ಲ ಯಂತ್ರಕ್ಕೆ ಇಳಿಯುವುದು ಅಂಗೈಯಗಲದ ಈ ಎರಡು ತುಂಡುಗಳ ಮೂಲಕ. ಕಾಲಿಗೆ ಪೆಡಲಿನ ಮೇಲೆ ನಂಬಿಕೆಯಿಲ್ಲದಿದ್ದರೆ ಮನಸ್ಸಿಗೂ ರಸ್ತೆಯ ಮೇಲೆ ನಂಬಿಕೆ ಬಾರದು. ಮೇಲೆ ಹೇಳಿದ ಅಭ್ಯಾಸಗಳಿಗೂ ಪೆಡಲಿಗೂ ಇರುವ ಸಂಬಂಧ ಇದೇ.

ಆ ಸೋದರಿಯು ನಮ್ಮ ಮಾತಿನಂತೆ ಒಂದು ದಿನ ಸೈಕಲ್ಲನ್ನು ನೂಕಿಕೊಂಡು ಹೋಟೆಲಿನ ಬಳಿಗೆ ಬಂದಳು. ಜೈಲ್ ರೋಡಿನ ಬದಿಯ ಮೇಸ್ತ್ರಿಯೊಬ್ಬರನ್ನೂ ನಾವು ಕರೆಸಿದ್ದೆವು. ನೋಡಿದರೆ ಪೆಡಲುಗಳು ನುಣುಪಾದ ಪ್ಲಾಸ್ಟಿಕ್ಕಿನವು. ಮೇಲಿನ ಗೀರುಗಳು ಸವೆದು ಗಾಜಿನಂತಾಗಿದ್ದವು. ಕಾಲಿನಲ್ಲಿ ಹವಾಯಿ ಚಪ್ಪಲಿ. ಅದರ ಅಡಿಯೂ ಸವೆದುದೇ. ಸೀಟು ಎರಡು ಅಂಗುಲ ಎತ್ತರ. ತುಳಿದು ತೋರಿಸೆಂದಾಗ ಆಕೆ ಪಾದದ ನಡುಭಾಗವನ್ನು, ಅಂದರೆ ಕಮಾನನ್ನು, ಪೆಡಲಿನ ಮೇಲಿಟ್ಟಳು. “ಇಷ್ಟು ಕಾರಣ ಇದ್ದು ಒಂದೇ ಸಲ ಬಿದ್ದಿರಲ್ಲ, ಅಕ್ಕಾ, ನಿಮ್ಮ ಸವಾರಿ ಚಲೋ ಇದೆ ಅಂದ ಹಾಗಾಯಿತು” ಎಂದರು ಮೇಸ್ತ್ರಿ. ಆಕೆ ಬಿದ್ದ ದಿನದಿಂದ ಮೊದಲ ಬಾರಿಗೆ ನಕ್ಕಳೆಂದು ತೋರುತ್ತದೆ.

ಪಾದವನ್ನಿಡಬೇಕಾದುದು ಹೆಬ್ಬೆರಳಿನ ಬುಡದ ಉಬ್ಬಿದ ಭಾಗವು ಪೆಡಲಿನ ಅಚ್ಚಿನ ಮೇಲೆ, ಇಲ್ಲವೆ ಅದಕ್ಕಿಂತ ತುಸು ಮುಂದಕ್ಕೆ ಬರುವಂತೆ. ಆಗ ಹಿಮ್ಮಡಿಯು ಸ್ವತಂತ್ರವಾಗಿ ಮೇಲೆ ಕೆಳಗೆ ಆಡುತ್ತದೆ. ಗುಂಡಿಯ ಕುಲುಕಾಟವನ್ನು ಕಣಕಾಲು ನುಂಗಿಕೊಳ್ಳುತ್ತದೆ. ತುಳಿಯದೆ ಜಾರುವಾಗ ಎರಡೂ ಪೆಡಲುಗಳು ಒಂದೇ ಮಟ್ಟದಲ್ಲಿರಬೇಕು. ವೇಗತಡೆಯ ಉಬ್ಬು ಬಂದಾಗ ಹಾಗೆ ಮಟ್ಟವಾಗಿ ನಿಲ್ಲಿಸಿ, ಸೀಟಿನಿಂದ ಬೆರಳಗಲ ಎದ್ದರೆ ಬೆನ್ನಿಗೆ ಪೆಟ್ಟಿಲ್ಲ. ತಿರುವಿನಲ್ಲಿ ಒಳಬದಿಯ ಪೆಡಲು ಮೇಲಿರಬೇಕು. ಕೆಳಗಿದ್ದರೆ ವಾಲಿದಾಗ ನೆಲಕ್ಕೆ ತಗಲುತ್ತದೆ. ಬಂಡ್ ಗಾರ್ಡನ್ ಸೇತುವೆಯ ಕಡೆಯಿಂದ ಪರ್ಣಕುಟಿಯ ಏರಿಗೆ ಬರುವಾಗ (1933ರ ಮೇ ತಿಂಗಳಿನಲ್ಲಿ ಮಹಾತ್ಮಾ ಗಾಂಧಿಯವರು 21 ದಿನಗಳ ಉಪವಾಸ ಮಾಡಿದ ಪರ್ಣಕುಟಿ ಇದೇ) ನಮ್ಮ ಹುಡುಗರು ಎದ್ದು ನಿಂತು ತುಳಿಯುತ್ತಾರೆ. ಪೆಡಲು ಜಾರುವಂಥದಾದರೆ ಅಪಾಯ ಹೆಚ್ಚಾಗಿರುವುದು ಆ ಹೊತ್ತಿನಲ್ಲಿಯೇ.

ನಮ್ಮ ದೇಶದ ಕರಿಯ ಸೈಕಲ್ಲುಗಳಿಗೆ ಮೊದಲಿನಿಂದಲೂ ಬರುತ್ತಿದ್ದುದು ರಬ್ಬರಿನ ಇಟ್ಟಿಗೆಗಳುಳ್ಳ ಪೆಡಲು. ಬರಿಗಾಲಿಗೂ ಚಪ್ಪಲಿಗೂ ಅದರಷ್ಟು ಹಿತವಾದುದು ಬೇರೆಯಿಲ್ಲ. ತೂಕ ಹೆಚ್ಚು, ಆದರೆ ವರ್ಷಗಟ್ಟಲೆ ಬಾಳುತ್ತದೆ. ರಬ್ಬರು ಸವೆದು ನುಣುಪಾದಾಗ, ಇಲ್ಲವೆ ತನ್ನ ಕಂಬಿಯ ಸುತ್ತ ತಿರುಗತೊಡಗಿದಾಗ ಮಾತ್ರ ಅದನ್ನು ಬದಲಿಸಲೇಬೇಕು. ಅಂಚಿನಲ್ಲಿ ಉಕ್ಕಿನ ಹಲ್ಲುಗಳುಳ್ಳ ಪೆಡಲುಗಳು ಬೂಟಿನ ಅಡಿಯನ್ನು ಚೆನ್ನಾಗಿ ಹಿಡಿಯುತ್ತವೆ, ಬರಿಗಾಲನ್ನೋ ಕೊಯ್ಯುತ್ತವೆ. ಈಚೆಗೆ ಬಂದಿರುವ ಅಗಲವಾದ ಚಪ್ಪಟೆ ಪೆಡಲುಗಳಲ್ಲಿ ಸಣ್ಣ ಮೊಳೆಗಳನ್ನು ನೆಟ್ಟಿರುತ್ತಾರೆ. ಹಿಡಿತ ಬಹಳ ಗಟ್ಟಿ, ಆದರೆ ಕಾಲು ತಪ್ಪಿದರೆ ಮೊಣಕಾಲಿನ ಕೆಳಗಿನ ಎಲುಬಿಗೆ ಮರೆಯಲಾರದ ಪಾಠ ಕಲಿಸುತ್ತವೆ. ಲೋಹದ ಮೊಳೆಗಳ ಬದಲು ನೈಲಾನಿನಲ್ಲಿಯೇ ಉಬ್ಬುಗಳನ್ನು ಎರಕ ಹೊಯ್ದ ಅಗಲವಾದ ಪೆಡಲುಗಳೂ ಸಿಕ್ಕುತ್ತವೆ. ಮಳೆಯಲ್ಲಿ ಚಪ್ಪಲಿ ಅಥವಾ ಕ್ಯಾನ್ವಾಸ್ ಬೂಟು ಹಾಕಿ ಕೆಲಸಕ್ಕೆ ಹೋಗುವವರಿಗೆ ಅವೇ ಸೂಕ್ತವೆಂದು ನಮ್ಮ ಮತ. ಪಾದದ ಅಗಲವೆಲ್ಲ ಒಳಗೊಳ್ಳುವಷ್ಟು ಅಗಲವಿರಬೇಕು; ಎರಡೂ ಮುಖಗಳು ಒಂದೇ ತೆರನಾಗಿರಬೇಕು, ಏಕೆಂದರೆ ಸಿಗ್ನಲ್ಲು ಬಿಟ್ಟಾಗ ಯಾವ ಮುಖ ಮೇಲಿದೆಯೆಂದು ನೋಡುತ್ತ ಕೂರಲಾಗದು. ಹಿಂದುಮುಂದಿನ ಅಂಚುಗಳಲ್ಲಿ ಹಳದಿಯ ಪ್ರತಿಫಲಕವಿರಲಿ. ರಾತ್ರಿಯಲ್ಲಿ ಮೇಲೆ ಕೆಳಗೆ ಕುಣಿಯುವ ಆ ಎರಡು ಹೊಳಪುಗಳು ಹಿಂದಿನ ವಾಹನದವನಿಗೆ ಮುಂದಿರುವುದು ಸೈಕಲ್ಲೆಂದು ಕೂಡಲೇ ಸಾರುತ್ತವೆ.

ಮಗನು ತಂದಿಟ್ಟ ಪೆಡಲುಗಳಿಗೆ ಕ್ಲಿಪ್‌ಲೆಸ್ ಎಂದು ಹೆಸರು, ಎಂದರೆ ಕ್ಲಿಪ್ಪಿಲ್ಲದವು. ಬೂಟನ್ನು ಕಚ್ಚಿ ಹಿಡಿಯುವುದೇ ಅವುಗಳ ಕೆಲಸವಾಗಿರುವಾಗ ಈ ಹೆಸರನ್ನು ಕೇಳಿ ನಮಗೂ ನಗು ಬಂದಿತು. ಹಿಂದೆ ಪಂದ್ಯದವರು ಪಾದವನ್ನು ಪಂಜರದಂಥ ಕ್ಲಿಪ್ಪಿನಲ್ಲಿ ತೂರಿಸಿ ಪಟ್ಟಿ ಬಿಗಿಯುತ್ತಿದ್ದರು. ಆ ಪಂಜರವಿಲ್ಲದುದರಿಂದ ಈ ಹೆಸರು. ಹಿಮದ ಮೇಲೆ ಜಾರುವ ಸ್ಕೀ ಹಲಗೆಗಳ ಬಿಗಿತಗಳನ್ನು ಮಾಡುತ್ತಿದ್ದ ಲುಕ್ ಎಂಬ ಫ್ರೆಂಚ್ ಕಂಪನಿಯು 1984ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಮರುವರ್ಷ ಬರ್ನಾರ್ ಇನೋ ಎಂಬ ಪಟುವು ಇಂಥ ಪೆಡಲುಗಳಿಂದಲೇ ಟೂರ್ ಡಿ ಫ್ರಾನ್ಸ್ ಗೆದ್ದನು. ಘಟ್ಟ ಹತ್ತುವವರಿಗೆ ಅದು ಒಳ್ಳೆಯದೇ. ಆದರೆ ಬಿಡಿಸಿಕೊಳ್ಳಬೇಕಾದರೆ ಹಿಮ್ಮಡಿಯನ್ನು ಹೊರಕ್ಕೆ ತಿರುಚಬೇಕು. ಗಾಬರಿಯಾದಾಗ ಮನುಷ್ಯನು ಕಾಲನ್ನು ಮೇಲಕ್ಕೆಳೆಯುತ್ತಾನೆಯೇ ಹೊರತು ತಿರುಚುವುದಿಲ್ಲ. ಆಗ ಕಾಲು ಅಂಟಿಕೊಂಡಂತೆಯೇ ಸೈಕಲ್ಲಿನೊಡನೆ ಪಕ್ಕಕ್ಕೆ ಉರುಳಬೇಕಾಗುತ್ತದೆ. ನೂರು ಮಾರಿಗೊಮ್ಮೆ ಕಾಲೂರಬೇಕಾದ ಯೆರವಡಾದ ಓಣಿಗಳಲ್ಲಿ, ಅದೂ ಸೀರೆಯುಟ್ಟು ಡಬ್ಬಿಯ ಚೀಲ ತೂಗಿಸಿಕೊಂಡು ಹೋಗುವವರಿಗೆ, ಅದನ್ನು ಹೇಳುವುದು ಸರಿಯಲ್ಲ. ಹುಡುಗನು ತಾನೇ ಉಪಯೋಗಿಸುವುದಾದರೆ ಬಿಗಿತದ ಸ್ಪ್ರಿಂಗನ್ನು ಪೂರಾ ಸಡಿಲಿಸಿ, ಗೋಡೆ ಹಿಡಿದು ನಿಂತು, ಒಂದೊಂದು ಕಾಲಿಗೂ ನೂರು ಸಲ ಸಿಕ್ಕಿಸಿ ಬಿಡಿಸಿ ಅಭ್ಯಾಸ ಮಾಡಲಿ. ನಿಲ್ಲುವುದಕ್ಕೆ ಹತ್ತು ಮಾರು ಮೊದಲೇ ಎಡಗಾಲನ್ನು ಬಿಡಿಸಿಕೊಳ್ಳಲಿ. ಅವನ ತಾಯಿಯ ಸೈಕಲ್ಲಿಗೆ ಅದು ಬೇಡವೆಂದು ನಾವು ಖಂಡಿತವಾಗಿ ಹೇಳಿದೆವು. ಹುಡುಗನ ಮುಖ ಬಾಡಿತು. ತಾಯಿಯ ಕಾಲು ಜಾರಬಾರದೆಂಬ ಅವನ ಚಿಂತೆ ಮೆಚ್ಚತಕ್ಕದ್ದೇ. ಅದನ್ನೂ ಅವನಿಗೆ ಹೇಳಿದೆವು. ಮೇಸ್ತ್ರಿಯು ಪಾನಾವನ್ನು ಅವನ ಕೈಗೇ ಕೊಟ್ಟು ಹೊಸ ಪೆಡಲು ಹಾಕಲು ಕಲಿಸಿದರು.

ಅದರ ಕ್ರಮವನ್ನು ವಾಚಕರೂ ತಿಳಿದಿರುವುದೊಳಿತು. ಕೊಳ್ಳುವಾಗ ತಿರುಪಿನ ಅಳತೆ ನೋಡಬೇಕು: ಮೂರು ತುಂಡಿನ ಕ್ರ್ಯಾಂಕಿಗೆ ಸಾಮಾನ್ಯವಾಗಿ 9/16 ಅಂಗುಲ, ಒಂದೇ ತುಂಡಾಗಿ ಬಾಗಿಸಿದ ಕ್ರ್ಯಾಂಕಿಗೆ 1/2 ಅಂಗುಲ. ಹಳೆಯದನ್ನು ಅಂಗಡಿಗೆ ಒಯ್ದು ತೋರಿಸಿದರೆ ತಪ್ಪಾಗಲಾರದು. ಬಲ ಪೆಡಲಿನ ತಿರುಪು ಎಲ್ಲ ತಿರುಪುಗಳಂತೆಯೇ. ಎಡದ್ದು ಮಾತ್ರ ಉಲ್ಟಾ. ಇಲ್ಲಿಯ ಮೇಸ್ತ್ರಿಗಳು ಇದನ್ನು ಉಲ್ಟಾ ಆಟೆ ಎನ್ನುತ್ತಾರೆ. ತುಳಿಯುವ ಭಾರವು ಅಚ್ಚಿನ ಸುತ್ತ ಸುತ್ತುತ್ತಿರುವಾಗ ತಿರುಪು ತನ್ನ ತೂತಿನಲ್ಲಿ ವಿರುದ್ಧ ದಿಕ್ಕಿಗೆ ಉರುಳಲೆಳಸುತ್ತದೆ. ಎರಡೂ ಒಂದೇ ಬಗೆಯವಾಗಿದ್ದರೆ ಎಡದ್ದು ತುಳಿಯುತ್ತ ತುಳಿಯುತ್ತ ಸಡಿಲಾಗಿ ಕಳಚಿಬೀಳುತ್ತಿತ್ತು. ನೆನಪಿಡಲು ಸುಲಭವಾದ ಉಪಾಯವೆಂದರೆ, ಯಾವ ಬದಿಯಲ್ಲಿ ನಿಂತರೂ ಪಾನಾದ ಮೇಲ್ತುದಿಯನ್ನು ಮುಂದಿನ ಚಕ್ರದ ಕಡೆಗೆ ತಿರುಗಿಸಿದರೆ ಬಿಗಿಯುತ್ತದೆ, ಹಿಂದಿನ ಚಕ್ರದ ಕಡೆಗೆ ತಿರುಗಿಸಿದರೆ ಸಡಿಲುತ್ತದೆ. ಪೆಡಲುಗಳ ಮೇಲೆ ಎಡ ಬಲವೆಂದು ಇಂಗ್ಲಿಷಿನ ಎಲ್ ಮತ್ತು ಆರ್ ಅಕ್ಷರಗಳ ಗುರುತಿರುತ್ತದೆ. ತಿರುಪಿಗೆ ತುಸು ಗ್ರೀಸು ಸವರಿ ಮೊದಲ ನಾಲ್ಕಾರು ಸುತ್ತುಗಳನ್ನು ಬೆರಳಿನಿಂದಲೇ ತಿರುಗಿಸಬೇಕು. ಅಡ್ಡಡ್ಡವಾಗಿ ಕೂರಿಸಿ ಪಾನಾ ಹಾಕಿದರೆ ಕ್ರ್ಯಾಂಕಿನ ಆಟೆ ಕಿತ್ತು ಪೆಡಲಿಗಿಂತ ದುಬಾರಿಯಾದ ಭಾಗವೇ ಹಾಳಾಗುತ್ತದೆ. ತಿಂಗಳಿಗೊಮ್ಮೆ ಪೆಡಲನ್ನು ಕೈಯಿಂದ ತಿರುಗಿಸಿ ನೋಡಲಿ. ಕರಕರ ಎಂದರೆ ಒಳಗಿನ ಉಕ್ಕಿನ ಗುಂಡುಗಳಿಗೆ ಗ್ರೀಸು ಬೇಕಾಗಿದೆ. ಪಕ್ಕಕ್ಕೆ ಅಲ್ಲಾಡಿದರೆ ಮೇಸ್ತ್ರಿಯ ಬಳಿಗೆ ಹೋಗಬೇಕು.

ಆ ಸೋದರಿಯು ನಾಲ್ಕು ರವಿವಾರ ಶಾಲೆಯ ಬಯಲಿಗೆ ಹೋದಳು. ಮೊದಲನೆಯ ರವಿವಾರ ಮಗನೊಬ್ಬನೇ ಜೊತೆಗಿದ್ದನು. ಎರಡನೆಯದಕ್ಕೆ ನೆರೆಮನೆಯ ಇಬ್ಬರು ಹೆಂಗಸರು ಸೇರಿಕೊಂಡರು. ಗಂಡನು ಮೂರನೆಯ ರವಿವಾರ ಬಂದು ದೂರದಲ್ಲಿ ಬೀಡಿ ಸೇದುತ್ತ ನಿಂತು ನೋಡಿ, ನಿಧಾನ ಸೈಕಲ್ ಪಂದ್ಯದಲ್ಲಿ ತಾನೂ ಒಂದು ಕೈ ನೋಡುವೆನೆಂದು ಇಳಿದು ಹೆಂಡತಿಗಿಂತ ಮೊದಲು ಕಾಲೂರಿದನಂತೆ. ಸೈಕಲ್ಲಿಗೆ ಚೈನಿನ ಮೇಲೆ ಪೂರಾ ಮುಚ್ಚುವ ಕವರನ್ನೂ, ಹಿಂದಿನ ಚಕ್ರಕ್ಕೆ ಸೆರಗು ಸಿಕ್ಕದಂತೆ ಜಾಲರಿಯನ್ನೂ ಹಾಕಿಸಿದರು. ಹವಾಯಿ ಚಪ್ಪಲಿಯ ಬದಲು ಹಿಂದೆ ಪಟ್ಟಿಯಿರುವ ಚಪ್ಪಲಿ ಬಂದಿತು. ದೀಪಾವಳಿ ಕಳೆದ ಮೇಲೆ ಆಕೆ ಕೆಲಸಕ್ಕೆ ಸೈಕಲ್ಲಿನಲ್ಲಿಯೇ ಹೋಗುತ್ತಿದ್ದಾಳೆ. ಗುಂಜನ್ ಚೌಕದಲ್ಲಿ ಇಳಿದು ನೂಕಿಕೊಂಡೇ ದಾಟುತ್ತಾಳೆ. ಅಲ್ಲಿಂದ ಮುಂದೆ ಕಲ್ಯಾಣಿನಗರದ ಮರಗಳ ನೆರಳಿನ ಒಳದಾರಿಗಳು. ಐದನೆಯ ಮನೆಯೊಂದನ್ನು ಹಿಡಿಯಬಹುದೆ ಎಂದು ಯೋಚಿಸುತ್ತಿರುವಳೆಂದು ಕಳೆದ ವಾರ ತಿಳಿಸಿದಳು. ನೆರೆಮನೆಯ ಇಬ್ಬರಲ್ಲಿ ಒಬ್ಬಾಕೆಗೆ ಇನ್ನೂ ಎಡಗಾಲು ಊರುವುದು ಸರಿಯಾಗಿ ಬಂದಿಲ್ಲ. ಬರುವ ರವಿವಾರವೂ ಬಯಲಿಗೆ ಹೋಗುವರಂತೆ.